ಗೋಡೆಗಳ ಒನ್ಸ್ ಮೋರ್

ಹಳೆಯ ಕಟ್ಟಡಗಳು ಚಾಳಿ ಬಿಡುವುದಿಲ್ಲ. ಹುಬ್ಬಳ್ಳಿಯ ಕಂಪನಿ ನಾಟಕದ ಥೇಟರು ಟಿವಿ ಸ್ಟುಡಿಯೋ ಆದಮೇಲೂ, ಯಾರಾದರೂ ಮನಸ್ಸಿಟ್ಟು ಮಾತಾಡಿದರೆ ಸಾಕು, ಅದರ ಗೋಡೆಗಳು “ಒನ್ಸ್ ಮೋರ್” ಎಂದು ಕೂಗುತ್ತಿದ್ದವು. ಇನ್ನೊಮ್ಮೆ ಹೇಳುವ ತನಕ ಸಿಳ್ಳೆ ನಿಲ್ಲುತ್ತಿರಲಿಲ್ಲ. ಅದಕ್ಕೇ ವಾರ್ತೆ ಓದುವ ನೀಲಾಂಬಿಕಾ ಎಲ್ಲವನ್ನೂ ಸಪ್ಪಗೆ ಓದುವುದನ್ನು ರೂಢಿಸಿಕೊಂಡಿದ್ದಳು.

ಇವತ್ತು ಆಗಲಿಲ್ಲ. “ಗಣಿಯಲ್ಲಿ ಸಿಕ್ಕಿಬಿದ್ದಿದ್ದ ಎಲ್ಲ ಕಾರ್ಮಿಕರೂ ಜೀವಂತವಾಗಿ ಹೊರಬಂದಿದ್ದಾರೆ” ಎಂದು ಓದುವಾಗ ದನಿ ನಡುಗಿತು. ಅವರಲ್ಲಿ ಅವಳ ತಮ್ಮನೂ ಇದ್ದ.

“ಒನ್ಸ್ ಮೋರ್!” ಬಾಲ್ಕನಿಯ ಗೋಡೆ ಅಬ್ಬರಿಸಿತು.

ಅವಳು ಹೆದರಿ ಗಾಜಿನಾಚೆ ಕೂತಿದ್ದ ನಿರ್ದೇಶಕ ಬಸಲಿಂಗಪ್ಪನತ್ತ ನೋಡಿದಳು. ಟೈಮು ಹಾಳೆಂದು ದಿನಾ ಗೋಡೆಗಳನ್ನು ಬೈಯುವವನು ಇವತ್ತು ಕಣ್ಣೊರೆಸಿಕೊಂಡು ಮೈಕಿನಲ್ಲಿ ಹೇಳಿದ:

“ಓದ್ರಿ ಅಕ್ಕಾರ, ಇನ್ನೊಮ್ಮೆ ಓದ್ರಿ. ಈ ಸಲ ನಿಮ್ಮ ತಮ್ಮನ ಹೆಸರೂ ಸೇರ್ಸಿ ಓದ್ರಿ.”