ಗುರುವಾರದ ಸುಳ್ಳು

ಗುರುವಾರ ಬಂತೆಂದರೆ ಅಜ್ಜಿ ಸುಳ್ಳು ಹೇಳುತ್ತಿದ್ದಳು. ಅದೂ ಬೆಳಗಿನ ಪ್ರಾರ್ಥನೆ ಮುಗಿಸಿದ ಬಾಯಲ್ಲೇ.

“ಈ ಕಡೆ ಏನೋ ಕೆಲಸ ಇತ್ತು, ಹಾಗೇ ಬಂದೆ,” ಎಂದು ಮೂರನೇ ಮಹಡಿಯ ಬಾಗಿಲಲ್ಲಿ ಏದುಸಿರು ಬಿಡುತ್ತ ಹೇಳುವಳು. ಬಾಗಿಲು ತೆರೆದ ಟೀಚರಮ್ಮ ನಂಬಿದವಳಂತೆ ಕುರ್ಚಿ ಎಳೆದು, ಅಜ್ಜಿಯ ಬೆನ್ನಿಗೊಂದು ದಿಂಬು ಇಡುವಳು.

ಕೆಲಸ ಯಾವುದೂ ಇರುತ್ತಿರಲಿಲ್ಲ. ಪ್ರಾರ್ಥನಾ ಮಂದಿರದ ಸೇವಾ ಸಂಘದ ಕಟ್ಟಳೆಯೇ ಹಾಗೆ: ಒಂಟಿಯಾಗಿರುವ ಹಿರಿಯರ ಜೊತೆ ಕೂತು ಬನ್ನಿ, ಸೇವೆಗೆ ಬಂದಿದ್ದೇವೆ ಎಂದು ಮಾತ್ರ ಬಾಯಿ ಬಿಡಬೇಡಿ. “ಟೀಚರಮ್ಮ ಮಹಾ ಸ್ವಾಭಿಮಾನಿ. ಗೊತ್ತಾದ್ರೆ ಬಾಗಿಲೇ ತೆಗೆಯಲ್ಲ,” ಎಂದು ಕಾರ್ಯದರ್ಶಿ ಮೊದಲೇ ಎಚ್ಚರಿಸಿದ್ದರು.

ಅಜ್ಜಿಗೆ ಸೇವೆ ಹೊಸದಲ್ಲ. ಮದುವೆಯಾಗಿ ಬಂದಂದಿನಿಂದ ಅತ್ತೆಯ ಆರೈಕೆ, ಮಕ್ಕಳ ಓದು, ಮೊಮ್ಮಕ್ಕಳ ಜ್ವರ. ಉಳಿದ ಹೊತ್ತೆಲ್ಲ ಆಸ್ಪತ್ರೆಯಲ್ಲಿ ದಿಕ್ಕಿಲ್ಲದವರಿಗೆ ಊಟ ಮಾಡಿಸುವುದು. ದೇವರು ಎರಡು ಕೈ ಕೊಟ್ಟಿದ್ದು ಕಟ್ಟಿಕೊಂಡು ಕೂರುವುದಕ್ಕಲ್ಲ ಎಂಬುದು ಅವಳ ಹಟ. ಗಂಡ ಹೋದ ಮೇಲೆ ಹಟ ಇನ್ನಷ್ಟು ಬಲಿತಿತ್ತು. ಮಗ, ಸೊಸೆ ಕೆಲಸಕ್ಕೆ ಹೊರಟರೆ ಸಂಜೆಯವರೆಗೂ ಮನೆಯಲ್ಲಿ ಗಡಿಯಾರದ ಸದ್ದೊಂದೇ.

ಟೀಚರಮ್ಮನೋ, ಬಲು ವಿಚಿತ್ರದ ಹೆಂಗಸು. ಅಜ್ಜಿಯ ಸೂಜಿಗೆ ದಾರ ಪೋಣಿಸಿ ಕೊಡುವಳು. ಮಾತ್ರೆ ನುಂಗಿದ್ರಾ ಎಂದು ಕೇಳುವಳು. ಸಾಲದ್ದಕ್ಕೆ ಸೋಮವಾರ, ಅಂಗಡಿಗೆ ಹೊರಟಿದ್ದೆ ಎಂದು ಖಾಲಿ ಚೀಲ ಹಿಡಿದು ತಾನೇ ಅಜ್ಜಿಯ ಮನೆಗೆ ಬಂದು, ಮಧ್ಯಾಹ್ನದವರೆಗೂ ಕೂರುವಳು. ಪಾಪ, ಒಬ್ಬಳೇ ಇರಲಾರದೆ ನೆಪ ಹುಡುಕುತ್ತಾಳೆ ಎಂದು ಅಜ್ಜಿ ಮರುಗುವಳು. ಅವಳ ಸಮಾಧಾನಕ್ಕೆಂದು ಒಮ್ಮೆ ಕಾಲಿಗೆ ಎಣ್ಣೆ ತಿಕ್ಕಿಸಿಕೊಂಡದ್ದೂ ಉಂಟು.

ಈಗ ಮಂಡಿ ಕೈಕೊಟ್ಟಿತ್ತು. ಇನ್ನು ಮೆಟ್ಟಿಲು ಹತ್ತಿದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಗದರಿದ್ದರು. ಅಜ್ಜಿಗೆ ಮಂಡಿಗಿಂತ ಟೀಚರಮ್ಮನದೇ ಚಿಂತೆ. ಸೊಸೆಯ ತೋಳು ಹಿಡಿದು ಸಂಘದ ಕಚೇರಿಗೆ ಬಂದಳು.

“ನನ್ನ ಕೈಲಿ ಇನ್ನು ಆಗಲ್ಲಮ್ಮ. ಅವರಿಗೆ ಬೇರೆ ಯಾರನ್ನಾದ್ರೂ ಗೊತ್ತು ಮಾಡಿ. ನಾನಿಲ್ದೆ ಸೊರಗಿ ಹೋಗ್ತಾರೆ.” ಹೇಳುತ್ತಲೇ ಕಣ್ಣೊರೆಸಿಕೊಂಡಳು. ಒಪ್ಪಿಕೊಂಡ ಸೇವೆಯನ್ನು ಅವಳು ಈವರೆಗೆ ನಡುವೆ ಬಿಟ್ಟವಳಲ್ಲ.

ಕಾರ್ಯದರ್ಶಿ ಸೊಸೆಯ ಮುಖ ನೋಡಿದರು. ಸೊಸೆ ಕಿಟಕಿಯ ಕಡೆ ತಿರುಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಅಳಬೇಡಿ ಅಜ್ಜಿ. ಟೀಚರಮ್ಮ ಬೆಳಿಗ್ಗೇನೇ ಬಂದಿದ್ರು,” ಎಂದರು ಕಾರ್ಯದರ್ಶಿ. “ಇದೇ ಕುರ್ಚೀಲಿ ಕೂತು ಹೇಳಿದ್ರು: ‘ಪಾಪ, ಅವರಿಗೆ ಮಂಡಿ ಹೋಗಿದೆ. ಸೋಮವಾರ ಒಂದೇ ದಿನ ಸಾಲದು, ಇನ್ಮೇಲೆ ದಿನಾ ಹೋಗ್ತೀನಿ. ಸೇವೆ ಅಂತ ಮಾತ್ರ ಗೊತ್ತಾಗ್ಬಾರ್ದು. ಆ ಅಜ್ಜಿ ಮಹಾ ಸ್ವಾಭಿಮಾನಿ.’”