ರೇಡಿಯೋ ಆಂಟಿ

"ಎಡಕ್ಕೆ ಒತ್ತಿ. ಲಾರಿ ಬರ್ತಿದೆ. ದೊಡ್ಡದು... ಹಾಂ, ಹೋಯ್ತು."

ಹಿಂದಿನ ಸೀಟಿನಲ್ಲಿದ್ದ ಅಕ್ಕ ಕಣ್ಣು ಮುಚ್ಚಿ ತೆರೆದಳು. ಲಾರಿ ಕಾರಿನ ಕನ್ನಡಿಯನ್ನು ಸವರಿಕೊಂಡೇ ಹೋದಂತಿತ್ತು. ಕಾರು ಓಡಿಸುತ್ತಿದ್ದವನು ಅವಳ ತಮ್ಮ. ಮಾತಾಡುತ್ತಿದ್ದವಳು ಪಕ್ಕದಲ್ಲಿ ಕುಳಿತಿದ್ದ ಅವನ ಹೆಂಡತಿ. ಮನೆ ಬಿಟ್ಟಾಗಿನಿಂದ ಅವಳ ಬಾಯಿಗೆ ಬಿಡುವಿರಲಿಲ್ಲ.

"ಮುಂದೆ ಉಬ್ಬು ಇದೆ ರೀ, ನಿಧಾನ. ಹಳದಿ ಗೋಡೆ ಬಂತು, ಇನ್ನು ಬಲಕ್ಕೆ. ಇನ್ನೂ ಸ್ವಲ್ಪ. ಸಾಕು."

ಅಕ್ಕ ಬಾಗಿಲಿನ ಹಿಡಿಯನ್ನು ಹಿಡಿದುಕೊಂಡಳು. ಹೀಗೆ ಬಿಡದೆ ಕಿವಿ ಕೊರೆದರೆ ಎಂಥ ಚಾಲಕನ ಗಮನವೂ ಚದುರುತ್ತದೆ.

ಅವಳು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದಳು. ಆಕೃತಿಯೊಂದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಪರೀಕ್ಷೆಗಳಲ್ಲಿ ಗಂಡಸರು ಸರಾಸರಿ ಮುಂದಿರುತ್ತಾರೆ. ಯಾವ ವಸ್ತು ಎಲ್ಲಿತ್ತು ಎಂದು ನೆನಪಿಡುವುದರಲ್ಲಿ ಹೆಂಗಸರು. 'ಆದರೆ ಸರಾಸರಿ ಅನ್ನುವ ಮನುಷ್ಯ ಎಲ್ಲೂ ಇಲ್ಲ' ಎಂದು ಅವಳೇ ವಿದ್ಯಾರ್ಥಿಗಳನ್ನು ಎಚ್ಚರಿಸುತ್ತಿದ್ದಳು. ತಮ್ಮನ ವಿಷಯ ಬಂದಾಗ ಮಾತ್ರ ಆ ಎಚ್ಚರ ತಪ್ಪುತ್ತಿತ್ತು. ಕಾರೇ ಹೆದರುವ ಓಣಿಯಲ್ಲಿ ಬಸ್ಸು ತೂರಿಸಿದವನು ಅವನು. ಸೈಕಲ್ಲನ್ನೂ ಮುಟ್ಟದ ಹೆಂಗಸು ಅವನಿಗೆ ಎಡಬಲ ಹೇಳಿಕೊಡುವುದೆ?

ತಮ್ಮ ಶಾಲಾ ಬಸ್ಸಿನ ಚಾಲಕ. ಕಳೆದ ವರ್ಷದಿಂದ ಹೆಂಡತಿಯೂ ಅದೇ ಬಸ್ಸಿನಲ್ಲಿ ಆಯಾ. ಮಕ್ಕಳನ್ನು ನೋಡಿಕೊಳ್ಳಲು ಹಿಂದೆ ಕೂರಬೇಕಾದವಳು ಗಂಡನ ಪಕ್ಕದ ಜಾಗ ಬಿಡುತ್ತಿರಲಿಲ್ಲ. ಮಕ್ಕಳು ಅವಳಿಗೆ ರೇಡಿಯೋ ಆಂಟಿ ಎಂದು ಹೆಸರಿಟ್ಟಿದ್ದವು. ಗಂಡನನ್ನು ಕಾಯಲು ಸೇರಿಕೊಂಡಿದ್ದಾಳೆ ಎಂದು ನೆರೆಯವರು ನಗುತ್ತಿದ್ದರು.

ರಜೆ ಮುಗಿದಿತ್ತು, ನಾಳೆ ಶಾಲೆ ಶುರು. ಅಲ್ಲಿನ ಮುಖ್ಯೋಪಾಧ್ಯಾಯಿನಿ ಅಕ್ಕನ ಹಳೆಯ ಗೆಳತಿ. ಅವಳನ್ನು ಕಂಡು ಬರುವ ನೆಪದಲ್ಲಿ ಅಕ್ಕ ಹೊರಟಿದ್ದಳು. ತಮ್ಮನ ಹೆಂಡತಿಯನ್ನು ಆ ಬಸ್ಸಿನಿಂದ ಇಳಿಸಲೇಬೇಕು. ಈ ವಟವಟದ ನಡುವೆ, ಎದುರಿಗೆ ಲಾರಿ, ಹಿಂದೆ ಬಸ್ಸಿನ ತುಂಬ ಮಕ್ಕಳು ಎಂದು ಊಹಿಸಲೂ ಅವಳಿಗೆ ಆಗುತ್ತಿರಲಿಲ್ಲ.

ನಿನ್ನೆ ಬಂದಾಗಿನಿಂದ ಅವಳು ಗಮನಿಸುತ್ತಲೇ ಇದ್ದಳು. ತಮ್ಮ ಮೊದಲಿನ ಹಾಗಿಲ್ಲ. ಮಾತಾಡುವಾಗ ಮುಖ ಓರೆ ಮಾಡುತ್ತಾನೆ, ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಕಾಫಿ ಲೋಟವನ್ನು ಹೆಂಡತಿ ಅವನ ಬೆರಳಿಗೇ ಹಿಡಿಸುತ್ತಾಳೆ, ಎಳೆಮಗುವಿಗೆ ಹಿಡಿಸಿದಂತೆ. ಅವನ ಫೋನ್ ಬಡಿದುಕೊಂಡರೆ ಮೊದಲು ಅವಳೇ ಇಣುಕಿ ಯಾರೆಂದು ಹೇಳುತ್ತಾಳೆ. ಹುಲಿಯಂತಿದ್ದವನನ್ನು ಇಲಿ ಮಾಡಿ ಕೂರಿಸಿದ್ದಳು.

"ರೀ, ಆಟೋ ಅಡ್ಡ ಬರ್ತಿದೆ—"

"ಏನಮ್ಮಾ," ಅಕ್ಕನಿಗೆ ಇನ್ನು ತಡೆಯಲಾಗಲಿಲ್ಲ, "ಅವನೇನು ಗಾಡಿ ಕಲಿಯೋಕೆ ಬಂದಿದಾನಾ? ಸ್ವಲ್ಪ ಸುಮ್ನಿರು."

ಮುಂದೆ ಕುಳಿತಿದ್ದವಳ ಹೆಗಲು ಬಿಗಿದುಕೊಂಡಿತು. "ಅಭ್ಯಾಸ ಆಗ್ಬಿಟ್ಟಿದೆ ಅತ್ತಿಗೆ."

"ಬಿಡಕ್ಕಾ," ತಮ್ಮ ನಕ್ಕ. ಒಣ ನಗು. "ರೇಡಿಯೋ ನಿಂತ್ರೆ ನನಗೆ ನಿದ್ದೆ ಬರುತ್ತೆ."

"ತಮಾಷೆ ಸಾಕು. ನೀನು ಸ್ಟೀರಿಂಗಿಗೆ ಅಂಟ್ಕೊಂಡು ಕೂತಿರೋದು ನನಗೆ ಕಾಣ್ತಿದೆ. ಇವಳು ಇನ್ನೊಂದು ಮಾತಾಡಿದ್ರೆ ನಾನು ಇಲ್ಲೇ ಇಳೀತೀನಿ. ಬಸ್ಸಲ್ಲೂ ನೀವಿಬ್ಬರು ಒಟ್ಟಿಗೆ ಬೇಡ. ಅದನ್ನ ಹೇಳೋಕೇ ಹೋಗ್ತಿರೋದು."

ಗುಟ್ಟು ಹೊರಬಿದ್ದಿತ್ತು. ಅವನ ಹೆಂಡತಿ ಒಮ್ಮೆ ಹಿಂದೆ ತಿರುಗಿದಳು. ಸಿಟ್ಟನ್ನು ನಿರೀಕ್ಷಿಸಿದ್ದ ಅಕ್ಕನಿಗೆ ಆ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಭಯವಿತ್ತು. ಕೆಲಸ ಹೋಗುವ ಭಯ ಎಂದುಕೊಂಡಳು.

ಕಾರಿನೊಳಗೆ ಮೌನ. ಊರು ಹಿಂದೆ ಬಿದ್ದು ಅಗಲವಾದ, ನೇರ ರಸ್ತೆ ತೆರೆದುಕೊಂಡಿತು. ವಾಹನಗಳೇ ಇರಲಿಲ್ಲ. ಆದರೂ ಕಾರು ನಿಧಾನವಾಯಿತು, ಇನ್ನೂ ನಿಧಾನವಾಯಿತು. ಸೈಕಲ್ಲಿನವನೊಬ್ಬ ಅವರನ್ನು ದಾಟಿ, ತಿರುಗಿ ನೋಡಿ ಹೋದ.

"ಯಾಕೋ ಹೀಗೆ ಎಳೀತಿದೀಯ? ಹೆಂಡತಿ ಮುನಿಸ್ಕೊಂಡ್ರೆ ಇಷ್ಟು ಹೆದರಿಕೆಯಾ? ನೀನು ಮೊದಲು ಹೆಂಗೆ ಓಡಿಸ್ತಿದ್ದೆ! ಹೋಗು."

ತಮ್ಮ ಉಗುಳು ನುಂಗಿದ. ವೇಗ ಏರಿತು. ಅಕ್ಕ ಬೆನ್ನು ಒರಗಿಸಿದಳು. ಮೌನದಲ್ಲಿ ಕಾರು ಗೆರೆ ಎಳೆದಂತೆ ಸಾಗುತ್ತಿತ್ತು.

"ಏನಾದ್ರೂ ಹೇಳೇ," ತಮ್ಮ ಮೆಲ್ಲಗೆ ಹೆಂಡತಿಗೆ ಅಂದ.

"ಬೇಡ," ಅಕ್ಕ ಹಿಂದಿನಿಂದ ಅವಳ ಹೆಗಲೊತ್ತಿದಳು.

ಆಮೇಲೆ ಅವಳಿಗೆ ಅದು ಕಂಡಿತು. ದೂರದಲ್ಲಿ ರಸ್ತೆ ಅಗೆದಿದ್ದರು. ಗುಂಡಿಯ ಈಚೆ, ರಸ್ತೆಯ ಅಗಲಕ್ಕೂ, ಆಳೆತ್ತರದ ಹಲಗೆ. ಕೆಂಪು ಬಿಳಿ ಪಟ್ಟೆ. ನಡುಹಗಲಿನ ಬಿಸಿಲಲ್ಲಿ ಕಣ್ಣು ಕುಕ್ಕುವಂತಿತ್ತು. ಈಗ ಬ್ರೇಕ್ ಹಾಕುತ್ತಾನೆ ಎಂದುಕೊಂಡಳು. ಈಗ. ಹಲಗೆ ದೊಡ್ಡದಾಯಿತು. ಅಕ್ಕ ಬಾಯಿ ತೆರೆದಳು.

"ನಿಲ್ಸೀ!"

ಕಿರುಚಿದವಳು ಅವನ ಹೆಂಡತಿ. ಟೈರುಗಳು ಚೀರಿದವು. ಅಕ್ಕನ ಹಣೆ ಮುಂದಿನ ಸೀಟಿಗೆ ಬಡಿಯಿತು. ಧಡ್ ಎಂಬ ಸದ್ದು. ಧೂಳು. ಧೂಳು ಇಳಿದಾಗ ಹಲಗೆ ಬಾನೆಟ್ಟಿನ ಮೇಲೆ ಒರಗಿತ್ತು, ಅದರಾಚೆ ಗುಂಡಿ ಬಾಯ್ತೆರೆದಿತ್ತು.

ಅಕ್ಕನಿಗೆ ಉಸಿರಿಗಿಂತ ಮೊದಲು ಕೋಪ ಬಂತು. "ನೋಡಿದ್ಯಾ? ಇದಕ್ಕೇ ನಾನು ಬಡ್ಕೊಂಡಿದ್ದು! ಕಣ್ಣೆದುರು ಇರೋದರ ಮೇಲೆ ಗಮನ ಇಲ್ಲ, ಬರೀ ಹೆಂಡತಿ ಮುನಿಸಿನ ಮೇಲೆ! ನಾಳೆ ಮಕ್ಕಳನ್ನ ಹೇಗೋ ಕರ್ಕೊಂಡು ಹೋಗ್ತೀಯ?"

ಅವಳ ಮಾತು ಮುಂದಿನ ಇಬ್ಬರ ಕಿವಿಗೂ ಬೀಳಲಿಲ್ಲ. ಬಿಸಿಲಿಗೆ ಹೊಳೆಯುತ್ತಿದ್ದ ಹಲಗೆಯ ಕಡೆ ಮುಖ ಮಾಡಿಕೊಂಡೇ ತಮ್ಮ ಹೆಂಡತಿಯ ಕೈಯನ್ನು ತಡವಿ ಹಿಡಿದ. ಅವನ ದನಿ ಎಳೆಯ ಹುಡುಗನ ದನಿಯಂತೆ ನಡುಗುತ್ತಿತ್ತು.

"ಏನೇ ತಗುಲಿದ್ದು? ಮಗುವಾ?"