ಟವೆಲ್ ಹಾಕಿದವರು

ಹಬ್ಬಕ್ಕೆ ಊರಿಗೆ ಹೊರಟವರ ಸಾಲು ಬೀದಿಯವರೆಗೂ ಬೆಳೆದಿತ್ತು. ಬಸ್ ಬುಕಿಂಗ್ ಕಚೇರಿಯ ಒಂದು ಕೌಂಟರಿನಲ್ಲೂ ಟಿಕೆಟ್ ಹುಟ್ಟುತ್ತಿರಲಿಲ್ಲ. ಡೇಟಾಬೇಸ್ ನೋಡಿಕೊಳ್ಳುವ ನಾಗವೇಣಿಯ ಬೆನ್ನ ಹಿಂದೆಯೇ ಮ್ಯಾನೇಜರ್ ನಿಂತಿದ್ದರು.

“ಇವತ್ತು ಇದು ಸರಿಹೋಗ್ಲಿಲ್ಲ ಅಂದ್ರೆ ನಾಳೆಯಿಂದ ನೀವು ಬರೋದು ಬೇಡಮ್ಮ.”

“ಯಾರೋ ಕಂಪ್ಯೂಟರಲ್ಲಿ ಸೀಟುಗಳ ಪಟ್ಟಿ ತೆರೆದು, ಸೇವ್ ಮಾಡದೆ ಹಾಗೇ ಬಿಟ್ಟಿದ್ದಾರೆ ಸರ್. ಅದಕ್ಕೇ ಲಾಕ್ ಬಿದ್ದಿದೆ. ಬಸ್ ಕಿಟಕೀಲಿ ಸೀಟಿಗೆ ಟವೆಲ್ ಹಾಕಿ ಕಾಫಿಗೆ ಹೋದ ಹಾಗೆ. ಒಂದು ಟವೆಲ್‌ಗೆ ಎಲ್ಲಾ ಬಸ್ಸೂ ನಿಂತಿದೆ.”

“ಕಿತ್ತು ಬಿಸಾಕಿ.”

“ಅವರು ಹಿಡಿದಿಟ್ಟ ಸೀಟು ಕೈತಪ್ಪುತ್ತೆ.”

“ತಪ್ಪಲಿ. ಬುದ್ಧಿ ಬರುತ್ತೆ.”

ನಾಗವೇಣಿ ಪರದೆಯ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿಕೊಂಡಳು. “ಯಾರು ಅಂತ ಹೇಳ್ಲಾ ಸರ್?”

“ಹೆಸರು ಕೇಳಿದ್ರೆ ದಾಕ್ಷಿಣ್ಯ ಅಡ್ಡ ಬರುತ್ತೆ. ಕಿತ್ತಾಕಿ ಅಂದೆನಲ್ಲ.”

ಅವಳು ಕಿತ್ತಳು. ಕೌಂಟರುಗಳ ಪ್ರಿಂಟರುಗಳು ಒಟ್ಟಿಗೇ ಕಿರುಗುಟ್ಟಿದವು. ಸಾಲು ಕರಗಿತು, ಕಡೆಯ ಸೀಟೂ ಹೋಯಿತು. ಮ್ಯಾನೇಜರ್ ‘ಭೇಷ್’ ಎನ್ನುವಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಹೆಂಡತಿಯ ದನಿ ನಾಗವೇಣಿಗೂ ಕೇಳಿಸುವಷ್ಟು ಜೋರಾಗಿತ್ತು.

“ರೀ, ಅಮ್ಮನಿಗೆ ಕಿಟಕಿ ಪಕ್ಕದ್ದೇ ಬೇಕಂತೆ, ಬೆಳಗ್ಗೆಯಿಂದ ಸೀಟಿನ ಪಟ್ಟಿ ತೆರೆದಿಟ್ಕೊಂಡು ಕಾದಿದ್ದೀರಲ್ಲ, ಈಗ ಸೇವ್ ಮಾಡಿಬಿಡಿ.”